ಪರಭಾಷೆಯ ಎತ್ತುಗಳು

"ಬುದ್ಧಿ, ಕಲಿತ ಮಾತು ಬೇಕಾದ ಹೊತ್ತಿಗೆ ಬಾಯಿಗೆ ಯಾಕೆ ಬರುವುದಿಲ್ಲ?" ಎಂದು ಪಂಚಾಕ್ಷರಿ ಗುರುಗಳನ್ನು ಕೇಳಿದ.

ಗುರುಗಳು ಮಠದ ಜಗುಲಿಯ ಮೇಲೆ ಕೂತು ಅಡುಗೆಮನೆಗೆ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. ಕೈ ನಿಲ್ಲಿಸದೆ, "ಯಾವ ಮಾತು?" ಎಂದರು.

ಇಂಗ್ಲಿಷಿನ ಜೋಡಿ ಮಾತುಗಳು ಎಂದ ಪಂಚಾಕ್ಷರಿ. ಟೇಕ್ ಆಫ್, ಪುಟ್ ಆನ್, ಲುಕ್ ಆಫ್ಟರ್, ಇಂಥವು.

ಆ ಮಠದ ಹಳೆಯ ಕಲ್ಲುಮಂಟಪ ನೋಡಲು ಪರದೇಶದವರು ಆಗಾಗ ಬರುತ್ತಿದ್ದರು. ಅವರನ್ನು ಬರಮಾಡಿಕೊಂಡು, ಮಂಟಪ ತೋರಿಸಿ, ಪ್ರಸಾದಕ್ಕೆ ಕೂರಿಸುವ ಕೆಲಸ ಪಂಚಾಕ್ಷರಿಯದು. ಅದಕ್ಕೆಂದೇ ಅವನು ದಿನಬಳಕೆಯ ಜೋಡಿ ಮಾತುಗಳ ಪುಸ್ತಕ ತರಿಸಿಕೊಂಡು ಮೊದಲಿನಿಂದ ಕೊನೆಯವರೆಗೆ ಬಾಯಿಪಾಠ ಮಾಡಿದ್ದ. ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ತಪ್ಪಿಲ್ಲದೆ ಒಪ್ಪಿಸುತ್ತಿದ್ದ. ಆದರೆ ಬಂದವರ ಮುಂದೆ ಅವನು ಕೈಮುಗಿದು ನಕ್ಕದ್ದೇ ಹೆಚ್ಚು, ಮಾತಾಡಿದ್ದು ಕಡಿಮೆ.

ಹಿಂದಿನ ದಿನ ಒಬ್ಬ ಅತಿಥಿ ಬೂಟು ಹಾಕಿಕೊಂಡೇ ಬಾಗಿಲು ದಾಟಿದ್ದ. ಬೂಟು ಬಿಡಿ ಎಂದು ಹೇಳಬೇಕಿತ್ತು. ಪಂಚಾಕ್ಷರಿಗೆ ಅದು ಚೆನ್ನಾಗಿ ಗೊತ್ತಿತ್ತು. 'ಟೇಕ್ ಆಫ್ ಯುವರ್ ಶೂಸ್' ಎನ್ನಬಹುದು, 'ಟೇಕ್ ಯುವರ್ ಶೂಸ್ ಆಫ್' ಎಂದೂ ಅನ್ನಬಹುದು. ಎರಡೂ ಸರಿ ಎಂದು ಪುಸ್ತಕ ಹೇಳಿತ್ತು. ಎರಡೂ ಸರಿಯಾದರೆ ಯಾವುದನ್ನು ಹೇಳುವುದು ಎಂದು ಅವನು ಯೋಚಿಸುತ್ತ ನಿಂತ. ಯೋಚನೆ ಮುಗಿಯುವಷ್ಟರಲ್ಲಿ ಬೂಟು ಪ್ರಸಾದದ ಪಂಕ್ತಿಯ ನಡುವೆ ಬಂದಿತ್ತು. ಉಣ್ಣುತ್ತಿದ್ದವರೆಲ್ಲ ಕೈ ತಡೆದು ನೋಡಿದರು. ಅತಿಥಿ ತನ್ನ ಕಾಲು ನೋಡಿಕೊಂಡು, ನಾಚಿ ಕೆಂಪಾಗಿ, ಎಲ್ಲರಿಗೂ ಕೈಮುಗಿದು ಹೊರಟುಹೋದ. ಊಟಕ್ಕೂ ನಿಲ್ಲಲಿಲ್ಲ.

"ನಾಳೆ ಇನ್ನೂ ಐದಾರು ಮಂದಿ ಬರುವವರಿದ್ದಾರೆ. ಈ ಕೆಲಸದಿಂದ ನನ್ನನ್ನು ಬಿಡಿಸಿ, ಬುದ್ಧಿ" ಎಂದ ಪಂಚಾಕ್ಷರಿ. "ಆ ಮಾತುಗಳಿಗೆ ನಿಯತ್ತಿಲ್ಲ. ಒಂದೊಂದಾಗಿ ಬಂದರೆ ಎಲ್ಲವೂ ಸಾಧು. ಜೋಡಿಯಾಗಿ ಬಂದರೆ ಗುರುತೇ ಸಿಗುವುದಿಲ್ಲ. ಗಿವ್ ಅಂದರೆ ಕೊಡು, ಅಪ್ ಅಂದರೆ ಮೇಲೆ. ಎರಡೂ ಸೇರಿದರೆ ಕೈಬಿಡು. ಇದು ಯಾವ ನ್ಯಾಯ?"

"ಕೈಬಿಡು ಎಂದೆಯಲ್ಲ. ಅದರಲ್ಲಿ ಕೈ ಎಲ್ಲಿಂದ ಬಂತು?"

"ನಮ್ಮಲ್ಲಿ ಹಾಗನ್ನುತ್ತಾರೆ, ಬುದ್ಧಿ."

"ಅವರಲ್ಲಿ ಹೀಗನ್ನುತ್ತಾರೆ. ಕೂತುಕೋ, ಒಂದು ಕತೆ ಹೇಳುತ್ತೇನೆ. ಸುಮ್ಮನೆ ಕೇಳಬೇಡ, ಈ ಹುಣಸೆಗೂ ಕೈ ಹಾಕು."

ಪಂಚಾಕ್ಷರಿ ಕೂತು ಹುಣಸೆಗೆ ಕೈ ಹಾಕಿದ. ಗುರುಗಳು ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ರೈತನಿದ್ದ. ಗಾಡಿ ಹೊಡೆಯುವುದರಲ್ಲಿ ಸುತ್ತಲಿನ ಹಳ್ಳಿಗಳಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಇದು ಎಲ್ಲರಿಗೂ ಗೊತ್ತಿತ್ತು. ಎಲ್ಲರಿಗಿಂತ ಹೆಚ್ಚಾಗಿ ಅವನಿಗೇ ಗೊತ್ತಿತ್ತು.

ಅವನ ಎತ್ತುಗಳಿಗೆ ವಯಸ್ಸಾಯಿತು. ಅವನು ದೂರದ ದನದ ಸಂತೆಗೆ ಹೋಗಿ, ಬೆಟ್ಟದಾಚೆಯ ಸೀಮೆಯಿಂದ ಬಂದಿದ್ದ ಒಬ್ಬ ವ್ಯಾಪಾರಿಯಿಂದ ಒಂದು ಜೊತೆ ಎತ್ತು ಕೊಂಡ. ಆನೆಮರಿಯಂಥ ಎತ್ತುಗಳು. ಹಾಯುವುದಿಲ್ಲ, ಒದೆಯುವುದಿಲ್ಲ. ಅವಕ್ಕೆ ಇದ್ದದ್ದು ಒಂದೇ ಕೊರತೆ, ಕನ್ನಡ ಬರುತ್ತಿರಲಿಲ್ಲ.

ವ್ಯಾಪಾರಿ ತನ್ನ ಸೀಮೆಯ ಕೂಗುಗಳನ್ನು ಹೇಳಿಕೊಟ್ಟ. 'ಹಿರ್' ಎಂದರೆ ನಡೆ. ಅದರ ಬಾಲಕ್ಕೆ ಒಂದು ಸಣ್ಣ ಸದ್ದು ಕಟ್ಟಿದರೆ ಅರ್ಥ ಬೇರೆ. 'ಹಿರ್ ದಾ' ಎಂದರೆ ಜೋರಾಗಿ ಎಳೆ. 'ಹಿರ್ ಲೋ' ಎಂದರೆ ಹಿಂದೆ ಸರಿ. 'ಹಿರ್ ಮೋ' ಎಂದರೆ ಮಲಗು. ಇಂಥವು ಇನ್ನೂ ಎಷ್ಟೋ ಇದ್ದವು. ನಿನ್ನ ಪುಸ್ತಕದಲ್ಲಿ ಗೆಟ್ ಎಂಬ ಒಂದೇ ಮಾತಿಗೆ ಎಷ್ಟು ಬಾಲ ಇದೆಯೋ ಅಷ್ಟು ಎಂದು ಇಟ್ಟುಕೋ. ರೈತ ಬುದ್ಧಿವಂತ. ಊರು ಸೇರುವುದರೊಳಗೆ ಎಲ್ಲವನ್ನೂ ಬಾಯಿಪಾಠ ಮಾಡಿಕೊಂಡ.

ಮರುದಿನ ಹೊಸ ಎತ್ತು ಹೂಡಿ ಗಾಡಿಯನ್ನು ಬೀದಿಗೆ ತಂದ. ನೋಡಲು ಊರಿಗೆ ಊರೇ ಸೇರಿತ್ತು. ಅವನು ಗತ್ತಿನಿಂದ ಮುಂದೆ ಕೂತು ಕೂಗು ಹಾಕಿದ. ಗಡಿಬಿಡಿಯಲ್ಲಿ ಬಾಲದ ಸದ್ದು ಅದಲುಬದಲಾಯಿತು. ಎತ್ತುಗಳು ಹೇಳಿದ ಹಾಗೇ ಕೇಳಿದವು. ಗಾಡಿ ಹಿಂದೆ ಹಿಂದೆ ಹೋಗಿ ಅರಳಿಕಟ್ಟೆಗೆ ತಗುಲಿ ನಿಂತಿತು. ಕಟ್ಟೆಯ ಮೇಲಿದ್ದ ಮುದುಕನೊಬ್ಬ, "ಏನಪ್ಪಾ, ಊರಿಗೆ ಹೊರಟೆಯೋ, ಊರಿಂದ ಬಂದೆಯೋ?" ಎಂದ. ಜನ ಬಿದ್ದು ಬಿದ್ದು ನಕ್ಕರು.

ನಗಬೇಡ, ಪಂಚಾಕ್ಷರಿ. ಅವನಿಗೆ ನಗು ಬರಲಿಲ್ಲ.

ಅಂದಿನಿಂದ ಅವನು ಆ ಎತ್ತುಗಳ ಜೊತೆ ಮಾತೇ ಬಿಟ್ಟ. ಮೊದಲು ಎಲ್ಲ ಕೂಗುಗಳನ್ನೂ ಒಂದು ಚೂರೂ ತಪ್ಪಿಲ್ಲದೆ ಕಲಿಯಬೇಕು, ಆಮೇಲೆ ಬೀದಿಗೆ ಇಳಿಯಬೇಕು ಎಂದು ನಿಶ್ಚಯಿಸಿದ. ಬೆಳಗಾದರೆ ಹಿತ್ತಲ ಬಾಗಿಲು ಹಾಕಿಕೊಂಡು, ಗೋಡೆಗೆ ಮುಖ ಮಾಡಿ, ಮೆಲ್ಲಗೆ ಕೂಗುಗಳನ್ನು ಹೇಳಿಕೊಳ್ಳುತ್ತಿದ್ದ. ಗೋಡೆ ಹಿಂದೆ ಸರಿಯಲಿಲ್ಲ, ಮಲಗಲೂ ಇಲ್ಲ. ಅದರಿಂದ ಅವನಿಗೆ ತುಂಬ ಧೈರ್ಯ ಬಂತು. ಆದರೂ ಇನ್ನಷ್ಟು ಗಟ್ಟಿಯಾಗಲಿ ಎಂದು ಬೀದಿಗೆ ಇಳಿಯುವುದನ್ನು ಮುಂದಕ್ಕೆ ಹಾಕುತ್ತಲೇ ಹೋದ. ಹೆಂಡತಿ ನೋಡಿ ನೋಡಿ, "ಎತ್ತು ಇರೋದು ಕೊಟ್ಟಿಗೆಯಲ್ಲಿ" ಎಂದಳು. ಅವನು ಕೇಳಿಸಿಕೊಳ್ಳಲಿಲ್ಲ.

ಹೊಲದ ಕೆಲಸಕ್ಕೆ ತಮ್ಮನ ಎತ್ತುಗಳನ್ನು ತರುತ್ತಿದ್ದ. ಹೊಸ ಎತ್ತು ಎಲ್ಲಿ ಎಂದು ಯಾರಾದರೂ ಕೇಳಿದರೆ, ಅವು ಸ್ವಲ್ಪ ಮೊದ್ದು, ಇನ್ನೂ ಪಳಗಬೇಕು ಎನ್ನುತ್ತಿದ್ದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಎತ್ತುಗಳು ಮಾತ್ರ ಕೊಟ್ಟಿಗೆಯಲ್ಲಿ ತಿಂದು ತಿಂದು ಇನ್ನಷ್ಟು ಬೆಳೆದವು.

ಹೀಗಿರುವಾಗ ಅವನ ಮಗಳ ಮದುವೆ ನಿಶ್ಚಯವಾಯಿತು. ಗಂಡಿನ ಊರು ಹೊಳೆಯ ಆಚೆ. ಆ ಸೀಮೆಯಲ್ಲಿ ಒಂದು ಪದ್ಧತಿಯಿತ್ತು. ಮದುವಣಗಿತ್ತಿ ಕೂತ ಗಾಡಿಯನ್ನು ಹೆತ್ತ ತಂದೆಯೇ ಹೊಡೆಯಬೇಕು, ಎತ್ತುಗಳೂ ಅವಳ ತವರಿನ ಕೊಟ್ಟಿಗೆಯವೇ ಆಗಿರಬೇಕು. ತಮ್ಮನ ಎತ್ತು ನಡೆಯುವಂತಿರಲಿಲ್ಲ. ಮುಹೂರ್ತ ತಪ್ಪಿದರೆ ಮದುವೆ ಮುಂದಿನ ವರ್ಷಕ್ಕೆ ಹೋಗುತ್ತಿತ್ತು. ಹುಡುಗಿಗೆ ಆ ಹುಡುಗನ ಮೇಲೆ ಬಹಳ ಮನಸ್ಸಿತ್ತು. ಅದು ತಂದೆಗೂ ಗೊತ್ತಿತ್ತು.

ದಿಬ್ಬಣ ಹೊರಟಿತು. ರೈತ ಒಂದು ಉಪಾಯ ಮಾಡಿದ. ತಮ್ಮನ ಗಾಡಿಗೆ ಹಸಿ ಹುಲ್ಲು ಹೇರಿಸಿ ಮುಂದೆ ಬಿಟ್ಟ, ತನ್ನ ಗಾಡಿಯನ್ನು ಅದರ ಹಿಂದೆ ಇಟ್ಟುಕೊಂಡ. ಎತ್ತುಗಳು ಹುಲ್ಲಿನ ಆಸೆಗೆ ತಾವಾಗಿಯೇ ನಡೆದವು. ರೈತ ಬಾರುಕೋಲು ಹಿಡಿದು, ಎದೆ ಸೆಟೆಸಿ, ತಾನೇ ಹೊಡೆಯುತ್ತಿರುವವನ ಹಾಗೆ ಕೂತಿದ್ದ. ದಾರಿಯಲ್ಲಿ ಒಂದು ಕೂಗೂ ಹಾಕಲಿಲ್ಲ. ಎಂಥ ಗಾಡಿ ಹೊಡೆಯುವವನು, ಬಾಯಿ ಸಹ ತೆರೆಯುವುದಿಲ್ಲ ಎಂದು ಹಿಂದೆ ಬರುತ್ತಿದ್ದ ನೆಂಟರು ಮೆಚ್ಚಿಕೊಂಡರು.

ಹೊಳೆಯಲ್ಲಿ ಮೊಣಕಾಲುದ್ದ ನೀರಿತ್ತು. ತಮ್ಮನ ಗಾಡಿ ದಾಟಿ ದಡ ಹತ್ತಿತು. ರೈತನ ಎತ್ತುಗಳು ನಡುನೀರಿನಲ್ಲಿ ನಿಂತು ನೀರು ಕುಡಿದವು. ಕುಡಿದಾದ ಮೇಲೂ ನಿಂತವು. ನೀರು ತಂಪಾಗಿತ್ತು, ಅವಕ್ಕೆ ಯಾವ ಮುಹೂರ್ತವೂ ಇರಲಿಲ್ಲ. ಗಾಲಿಗಳು ಮೆಲ್ಲಗೆ ಮರಳಿನಲ್ಲಿ ಇಳಿಯತೊಡಗಿದವು. ಆಚೆ ದಡದಲ್ಲಿ ಬೀಗರು ಆರತಿ ಹಿಡಿದು ಕಾಯುತ್ತಿದ್ದರು. ಈಚೆ ದಡದಲ್ಲಿ ಅವನ ಊರಿನವರೆಲ್ಲ ಇದ್ದರು.

ರೈತನಿಗೆ ಎಲ್ಲ ಕೂಗುಗಳೂ ನೆನಪಿದ್ದವು. ಎಲ್ಲವೂ ಒಟ್ಟಿಗೇ ನೆನಪಾದವು. ಅವುಗಳಲ್ಲಿ ಈಗ ಬೇಕಾದದ್ದು ಯಾವುದು ಎಂದು ಹೊಳೆಯಲಿಲ್ಲ. ಎರಡು ದಡದ ಕಣ್ಣುಗಳೂ ತನ್ನ ಬಾಯಿಯ ಮೇಲಿವೆ ಎನಿಸಿತು. ಹಗ್ಗ ಜಗ್ಗಿದ. ಎತ್ತಿನ ಬೆನ್ನು ತಟ್ಟಿದ. ಅವು ಬಾಲ ಬೀಸಿ ಅವನ ಮುಖಕ್ಕೆ ನೀರು ಸಿಡಿಸಿದವು.

"ಅಪ್ಪಾ, ಅವಕ್ಕೆ ಏನಾದರೂ ಹೇಳು" ಎಂದಳು ಹಿಂದೆ ಕೂತಿದ್ದ ಮಗಳು.

"ತಪ್ಪಾದರೆ?"

"ತಪ್ಪಾದರೆ ನಗ್ತಾರೆ. ಹೇಳದಿದ್ದರೆ ನಾನು ಈ ಮರಳಲ್ಲೇ ಮುದುಕಿ ಆಗ್ತೀನಿ."

ರೈತ ತಿರುಗಿ ನೋಡಿದ. ಮಾತು ಗಟ್ಟಿಯಾಗಿತ್ತು, ಕಣ್ಣಲ್ಲಿ ಮಾತ್ರ ನೀರು ತುಂಬಿತ್ತು. ಅವನು ಎರಡೂ ಕಣ್ಣು ಮುಚ್ಚಿಕೊಂಡು ಗಟ್ಟಿಯಾಗಿ ಕೂಗಿಬಿಟ್ಟ.

ಬಾಯಿಂದ ಬಂದದ್ದು 'ಹಿರ್ ಮೋ'. ಎತ್ತುಗಳು ವಿನಯದಿಂದ ನೀರಿನಲ್ಲಿ ಮಲಗಿದವು. ಗಾಡಿ ಮುಂದಕ್ಕೆ ವಾಲಿತು. ಮದುವಣಗಿತ್ತಿ ಜಾರಿ ಬಂದು ತಂದೆಯ ಬೆನ್ನಿಗೆ ಅಂಟಿಕೊಂಡಳು. ಎಲೆಅಡಿಕೆಯ ಬುಟ್ಟಿ ತೇಲಿಕೊಂಡು ಹೋಯಿತು. ಎರಡೂ ದಡದವರು ಒಟ್ಟಿಗೆ ನಕ್ಕರು. ಗಂಡಿನ ತಂದೆ ಬಹಳ ಬಿಗುವಿನ ಮನುಷ್ಯ, ನಿಶ್ಚಿತಾರ್ಥದ ದಿನವೂ ನಕ್ಕವನಲ್ಲ. ಅವನು ಹೊಟ್ಟೆ ಹಿಡಿದುಕೊಂಡು ಮರಳಿನ ಮೇಲೆ ಕೂತುಬಿಟ್ಟ.

ಇನ್ನೇನಾಗುತ್ತದೋ ಎಂದು ರೈತ ಉಸಿರು ಹಿಡಿದು ಕಾದ. ಏನೂ ಆಗಲಿಲ್ಲ. ಆಕಾಶ ಕಳಚಿ ಬೀಳಲಿಲ್ಲ. ನಕ್ಕವರು ನಕ್ಕು ಮುಗಿಸಿ, ಮುಂದಿನ ಕೂಗು ಯಾವುದೋ ಎಂದು ಮತ್ತೆ ಅವನ ಕಡೆಗೇ ನೋಡಿದರು. ಬೆನ್ನ ಹಿಂದೆ ಮಗಳೂ ನಗುತ್ತಿದ್ದಳು. ಇಷ್ಟು ದಿನ ಹೆದರಿದ್ದು ಇದಕ್ಕೇನಾ ಎಂದು ಅವನಿಗೆ ಆಶ್ಚರ್ಯವಾಯಿತು.

ಅವನು ಮತ್ತೆ ಕೂಗಿದ. ಅದೂ ತಪ್ಪೇ, 'ಹಿರ್ ಲೋ'. ಎತ್ತುಗಳು ಎದ್ದು ಹಿಂದೆ ಸರಿದವು. ಸರಿದ ರಭಸಕ್ಕೆ ಹೂತಿದ್ದ ಗಾಲಿಗಳು ಮರಳಿನಿಂದ ಮೇಲೆ ಬಂದವು. ಹೂತ ಗಾಡಿಗೆ ಮೊದಲು ಬೇಕಾದದ್ದು ಅದೇ. ಗೋಡೆ ಇದನ್ನು ಅವನಿಗೆ ಹೇಳಿರಲಿಲ್ಲ. ಮುಂದಿನ ಸಲ ಬಾಯಿ ತೆರೆದಾಗ 'ಹಿರ್ ದಾ' ತಾನಾಗಿಯೇ ಬಂತು. ಉಳಿದ ಸದ್ದುಗಳು ಏನು ಮಾಡುತ್ತವೆ ಎಂಬುದು ಅಷ್ಟು ಹೊತ್ತಿಗೆ ಅವನ ಒದ್ದೆ ಪಂಚೆಗೂ ಗೊತ್ತಾಗಿತ್ತು. ಎತ್ತುಗಳು ಒಂದೇ ಉಸಿರಿಗೆ ಗಾಡಿಯನ್ನು ದಡಕ್ಕೆ ಎಳೆದು ತಂದವು.

ಮುಹೂರ್ತಕ್ಕೆ ಸರಿಯಾಗಿ ಮದುವೆ ನಡೆಯಿತು. ಮದುವಣಗಿತ್ತಿಯ ಸೀರೆಯ ಅಂಚು ಇನ್ನೂ ತೊಟ್ಟಿಕ್ಕುತ್ತಿತ್ತು. ಅವಳಿಗೆ ಅದರ ಪರಿವೆಯೇ ಇರಲಿಲ್ಲ. ನಕ್ಕವರು ಊಟದ ಹೊತ್ತಿಗೆ ನಕ್ಕದ್ದನ್ನು ಮರೆತು ಹೋಳಿಗೆಯ ಕಡೆ ತಿರುಗಿದರು. ರೈತ ಮಾತ್ರ ಆ ಕೂಗುಗಳನ್ನು ಸಾಯುವವರೆಗೆ ಮರೆಯಲಿಲ್ಲ. ಊರಿಗೆ ಬಂದ ಮೇಲೆ ಹಗಲುಹೊತ್ತಿನಲ್ಲೇ ಬೀದಿಯಲ್ಲಿ ಎತ್ತು ಹೂಡಿ, ಬಾಯಿಗೆ ಬಂದ ಕೂಗು ಹಾಕಿದ. ಒಂದು ದಿನ ತಿಪ್ಪೆಗೆ ಹೋದ, ಇನ್ನೊಂದು ದಿನ ಪಟೇಲರ ಅಂಗಳಕ್ಕೆ ಹೋದ. ಹೋದಲ್ಲೆಲ್ಲ ಒಂದೊಂದು ಕೂಗು ಕಲಿತುಕೊಂಡು ಬಂದ.

ಗುರುಗಳು ಕತೆ ನಿಲ್ಲಿಸಿ ಬೀಜಗಳನ್ನು ಒಂದು ಕಡೆಗೆ ಸರಿಸಿದರು. ಪಂಚಾಕ್ಷರಿ ಕತೆಯುದ್ದಕ್ಕೂ ನಗುತ್ತಿದ್ದವನು ಈಗ ನಗು ನಿಲ್ಲಿಸಿದ.

"ಅವನ ಮಾತು ಬೇರೆ, ಬುದ್ಧಿ" ಎಂದ. "ರೈತ ತಪ್ಪಿದರೆ ರೈತನನ್ನು ನೋಡಿ ನಗುತ್ತಾರೆ. ನಾನು ತಪ್ಪಿದರೆ ಮಠವನ್ನು ನೋಡಿ ನಗುತ್ತಾರೆ. ನಿನ್ನೆ ನಾನು ಬಾಯಿ ಬಿಡದೆ ನಿಂತದ್ದು ಮಠದ ಮಾನ ಹೋಗಬಾರದು ಎಂದೇ."

ಗುರುಗಳು ಅವನನ್ನೇ ನೋಡಿ ಮೆಲ್ಲಗೆ ಹೇಳಿದರು:

"ಅತಿಥಿ ಉಣ್ಣದೆ ಹೋದಾಗಲೇ ಮಠದ ಮಾನ ಹೋಯಿತು, ಪಂಚಾಕ್ಷರಿ, ನಿನ್ನೆ ನೀನು ಉಳಿಸಿಕೊಂಡದ್ದು ಯಾರ ಮಾನವನ್ನು?"