ತೆನೆಗೌರಿಗೆ ಅರಿಶಿನದ ನುಚ್ಚು ಇಟ್ಟ ರಾಣಿಯ ಕಥೆ

ದೀಪದ ಬತ್ತಿ ಸರಿಮಾಡಿ, ಅಕ್ಷತೆಯ ತಟ್ಟೆಯನ್ನು ಅತ್ತ ಸರಿಸಿ, ಅಂಗೈಯಲ್ಲಿ ಏಳು ಕಾಳು ನವಣೆ ಹಿಡಿದು ಕುಳಿತವರೆಲ್ಲ ತೆನೆಗೌರಿಯ ಮಹಿಮೆಯನ್ನು ಕೇಳುವಂಥವರಾಗಿರಿ.

ಶಂಖಾವತಿಯೆಂಬ ಪಟ್ಟಣವನ್ನು ಭದ್ರಶೇಖರನೆಂಬ ಅರಸನು ಆಳುತ್ತಿದ್ದನು. ಅವನ ರಾಣಿ ತುಂಗಲಾದೇವಿ. ಆಕೆಯ ಅತ್ತೆ ಇರುವವರೆಗೆ ಅರಮನೆಯಲ್ಲಿ ದಿನಕ್ಕೊಂದು ಹೊತ್ತು ನವಣೆಯ ಅನ್ನವಾಗುತ್ತಿತ್ತು, ಶ್ರಾವಣದಲ್ಲಿ ತೆನೆಗೌರಿಯ ಪೂಜೆಯಾಗುತ್ತಿತ್ತು. ಅತ್ತೆ ತೀರಿಕೊಂಡದ್ದೇ ತಡ, ರಾಣಿಯು, ನವಣೆ ದನ ಕಾಯುವವರ ಊಟ, ಅರಸರ ಎಲೆಗೆ ಮಲ್ಲಿಗೆಯಂಥ ಅನ್ನವೇ ಭೂಷಣವೆಂದು ಬಗೆದು, ಪೂಜೆಯನ್ನು ಬಿಟ್ಟು, ಅಕ್ಕಿಯನ್ನು ಏಳು ಸಲ ತಳಿಸಿ ಬೆಳ್ಳಗೆ ಮಾಡಿ ಮೂರು ಹೊತ್ತೂ ಅದನ್ನೇ ಬಡಿಸಿದಳು. ಅರಸನು ಉಂಡನು, ತೂಕಡಿಸಿದನು, ಎದ್ದು ನೀರು ಕುಡಿದು ಮತ್ತೆ ಉಂಡನು. ಹೀಗೆ ಮೂರು ವರ್ಷ ಕಳೆಯಲು, ಅವನ ನಡುಪಟ್ಟಿ ಬಿಗಿಯಲು ಇಬ್ಬರು ಬೇಕಾದರು, ನ್ಯಾಯ ಕೇಳಲು ಬಂದವರು ಗೊರಕೆ ಕೇಳಿಕೊಂಡು ಹೋದರು.

ಆ ರಾಜ್ಯದಲ್ಲಿ ಒಂದು ಕಟ್ಟಳೆಯಿತ್ತು. ವಿಜಯದಶಮಿಯ ದಿನ ಅರಸನು ಏಣಿಯಿಲ್ಲದೆ, ಯಾರ ಕೈಯನ್ನೂ ಹಿಡಿಯದೆ ಪಟ್ಟದಾನೆಯನ್ನು ಏರಬೇಕು. ಏರದವನ ಪಟ್ಟ ದಾಯಾದಿಗೆ. ಆಷಾಢದಲ್ಲಿ ಒಮ್ಮೆ ಏರಿ ನೋಡೋಣವೆಂದು ಅರಸನು ಆನೆಯ ಮಂಡಿಯ ಮೇಲೆ ಕಾಲಿಡಲು, ಆನೆಯು ಹಿಂದಿರುಗಿ ಒಮ್ಮೆ ನೋಡಿ ಮಲಗಿಬಿಟ್ಟಿತು. ದಾಯಾದಿ ಉಗ್ರಬಾಹುವು ಅಂದೇ ಅಕ್ಕಸಾಲಿಗನಿಗೆ ತಲೆಯ ಅಳತೆ ಕೊಟ್ಟನು.

ರಾಣಿಯು ಹೆದರಿ, ಉಗ್ರಾಣದಲ್ಲಿ ಕಾಳು ಕೇರುವ ಮುದುಕಿ ಸಂಕವ್ವನನ್ನು ಕರೆಸಿದಳು. ಅವಳು ಬಯಲುಸೀಮೆಯಿಂದ ಸೊಸೆಯಾಗಿ ಬಂದವಳು, ರಾಣಿಯ ಅತ್ತೆಗೆ ಪೂಜೆಯ ಕ್ರಮ ಹೇಳಿಕೊಟ್ಟವಳೂ ಅವಳೇ. "ಸೋಮವಾರ ಮೊರದ ತುಂಬ ನವಣೆ ಇಟ್ಟು ಗೌರಿಯನ್ನು ಕೂರಿಸಿ, ಮೊದಲ ಹಿಡಿ ಗುಬ್ಬಿಗೆ ಹಾಕಿ. ದಿನಾ ಒಂದು ಹೊತ್ತು ನವಣೆ ಉಣ್ಣಿ. ಉಣ್ಣುವವರೇ ಕುಟ್ಟಬೇಕು, ತಾಯಿ. ಆಳಿನ ಕೈಲಿ ಕುಟ್ಟಿಸಿದರೆ ಫಲವೂ ಆಳಿಗೇ," ಎಂದಳು.

ರಾಣಿಗೆ, ನೆರೆರಾಜ್ಯದ ರಾಣಿ ನೋಡಿದರೆ ನಗುವಳಲ್ಲ ಎಂಬ ನಾಚಿಕೆ. ಅವಳು ಅಕ್ಕಿನುಚ್ಚನ್ನು ಅರಿಶಿನದ ನೀರಿನಲ್ಲಿ ನೆನೆಸಿ, ಒಣಗಿಸಿ, ನವಣೆಯ ಬಣ್ಣ ಬಂತೆಂದು ಹಿಗ್ಗಿ, ಅದನ್ನೇ ಮೊರದಲ್ಲಿಟ್ಟು ಪೂಜಿಸಿ, ಅದನ್ನೇ ಬೇಯಿಸಿ ಅರಸನಿಗೆ ಬಡಿಸಿದಳು. ಮೂರು ವಾರ ಕಳೆಯಿತು. ಅರಸನ ಮೀಸೆ ಹಳದಿಯಾಯಿತು, ಹೊಟ್ಟೆ ಇದ್ದಲ್ಲೇ ಇತ್ತು. ಗುಬ್ಬಿಗಳು ಕುಕ್ಕಿ, ಉಗುಳಿ, ಹಳದಿ ಕೊಕ್ಕಿನಲ್ಲಿ ಊರೆಲ್ಲ ಹಾರಾಡಲು, ಬಾವಿಕಟ್ಟೆಯ ಹೆಂಗಸರು ಕಂಡು ಮುಸಿಮುಸಿ ನಕ್ಕರು.

ಸಂಕವ್ವ ಮೊರಕ್ಕೆ ಬೆರಳಾಡಿಸಿ ನೋಡಿದಳು. "ತಾಯಿ, ಇದು ಅಕ್ಷತೆ. ಗೌರಿ ಇದನ್ನ ತಲೆ ಮೇಲೆ ಹಾಕಿಸ್ಕೋತಾಳೆ, ಉಣ್ಣಲ್ಲ. ನಿಮಗೆ ಮರ್ಯಾದೆ ಬೇಕೋ, ಯಜಮಾನರ ಪಟ್ಟ ಬೇಕೋ?"

"ಎರಡೂ ಬೇಕಿತ್ತು, ಸಂಕವ್ವ."

"ಹಾಗಾದರೆ ಒನಕೆ ಹಿಡೀರಿ."

ದಶಮಿಗೆ ನಲವತ್ತೆಂಟು ದಿನ ಉಳಿದಿತ್ತು. ರಾಣಿಯು ದೇವಿಯಲ್ಲಿ ತಪ್ಪೊಪ್ಪಿಕೊಂಡು, ತಲೆಗೆ ಸೆರಗು ಬಿಗಿದು, ಎಲ್ಲರೂ ಕಾಣುವ ಹಜಾರದಲ್ಲೇ ಒರಳು ಹಾಕಿಸಿದಳು. ಅರಸನು ಮೊದಲ ದಿನ ಮೂರು ಪೆಟ್ಟು ಹಾಕಿ ಕುಳಿತನು, ಹಸಿವಾಗಲು ಎದ್ದನು. ಎರಡನೆಯ ವಾರ ಹಾಡಿಕೊಂಡು ಕುಟ್ಟಿದನು. ಒಂದು ಹೊತ್ತು ನವಣೆಯ ಅನ್ನ, ಸೊಪ್ಪಿನ ಸಾರು, ಮಜ್ಜಿಗೆ ಉಂಡು, ಮಧ್ಯಾಹ್ನದ ನಿದ್ದೆ ಬಿಟ್ಟು ನ್ಯಾಯ ಕೇಳಿದನು. ಗೊರಕೆಯ ಧೈರ್ಯದ ಮೇಲೆ ಸುಳ್ಳು ಹೇಳಲು ಬಂದಿದ್ದವರು ಗಾಬರಿಯಾದರು. ಗುಬ್ಬಿಗಳು ಮೊರದ ಅಂಚಿಗೇ ಬಂದು ಕುಳಿತವು.

ದಶಮಿಯ ದಿನ ಊರೆಲ್ಲ ಉಸಿರು ಹಿಡಿದು ನಿಂತಿರಲು, ಅರಸನು ಆನೆಯ ಮಂಡಿಯ ಮೇಲೆ ಕಾಲಿಟ್ಟು, ಒನಕೆ ಹಿಡಿದು ಗಟ್ಟಿಯಾದ ಕೈಯಿಂದ ಹಗ್ಗ ಹಿಡಿದು, ಏರಿ ಕುಳಿತನು. ಯಾರಾದರೂ ಕುಳಿತರೋ ಇಲ್ಲವೋ ಎಂದು ಆನೆಯು ಹಿಂದಿರುಗಿ ನೋಡಿ, ಎದ್ದು ನಡೆಯಿತು. ಉಗ್ರಬಾಹುವು ಮಾಡಿಸಿಟ್ಟ ಕಿರೀಟವನ್ನು ಏನು ಮಾಡುವುದೆಂದು ತಿಳಿಯದೆ ತೆನೆಗೌರಿಗೆ ಒಪ್ಪಿಸಲು, ಸಂಕವ್ವ ಅದನ್ನು ಬೋರಲು ತಿರುಗಿಸಿ ನೋಡಿ, ನವಣೆ ಅಳೆಯುವುದಕ್ಕೆ ಇಟ್ಟುಕೊಂಡಳು.

ಮೊರ ಸಿಗದ ಊರಿನಲ್ಲಿರುವವರು ಸ್ಟೀಲಿನ ತಟ್ಟೆಯಲ್ಲಿಟ್ಟರೂ, ಗುಬ್ಬಿ ಬಾರದ ಊರಿನವರು ಪಾರಿವಾಳಕ್ಕೆ ಹಾಕಿದರೂ ತಾಯಿ ಬೇಸರಿಸಳು. ಬಣ್ಣ ಬಳಿದ ನುಚ್ಚನ್ನು ಮಾತ್ರ ಒಲ್ಲಳು. ಈ ಕಥೆಯನ್ನು ಹೇಳಿದವರಿಗೂ ಕೇಳಿದವರಿಗೂ, ಒಳಗೆ ಬೇಯುವ ನವಣೆ ಪಾಯಸದ ಮೇಲೆ ಅರ್ಧ ಮನಸ್ಸಿಟ್ಟು ಕೇಳಿದವರಿಗೂ, ಭದ್ರಶೇಖರನಿಗೆ ಆದಂತೆ ಮೈ ಹಗುರಾಗಲಿ, ತುಂಗಲಾದೇವಿಗೆ ಆದಂತೆ ಮನಸ್ಸು ಹಗುರಾಗಲಿ. ಈಗ ಕೈಯಲ್ಲಿರುವ ಏಳು ಕಾಳನ್ನು ಹಕ್ಕಿಗೆ ಹಾಕಿ ಬನ್ನಿ, ಎಲೆ ಹಾಕಿದೆ.