ಕೇತನನ್ನು ಯಾರೂ ಕೇಳದ ಪ್ರಶ್ನೆ

ಹೊಳೆಯ ದಂಡೆಯ ಮೇಲೆ ಮರುಳಯ್ಯನವರ ಆಶ್ರಮ. ಆಶ್ರಮವೆಂದರೆ ದೊಡ್ಡದೇನಲ್ಲ. ನಾಲ್ಕು ಹಂಚಿನ ಕೋಣೆ, ಮದ್ದು ಅರೆಯುವ ಒಂದು ಕಲ್ಲು, ಇಬ್ಬರು ಶಿಷ್ಯರು.

ಮರುಳಯ್ಯನವರು ಬೇರು ನಾರಿನ ವೈದ್ಯ ಬಲ್ಲವರು. ಆ ಸೀಮೆಯ ರೂಢಿಯಂತೆ ಎಲ್ಲರೂ ಅವರನ್ನು ಬುದ್ಧಿ ಎಂದೇ ಕರೆಯುತ್ತಿದ್ದರು.

ಅಲ್ಲೊಂದು ಕಟ್ಟಳೆಯಿತ್ತು. ಯಾರು ಬೇರು ತಂದರೂ ಅದನ್ನು ಕಲ್ಲಿಗೆ ಹಾಕುವ ಮುಂಚೆ ಮೂರು ಪ್ರಶ್ನೆಗೆ ಉತ್ತರ ಹೇಳಬೇಕು. ಎಲ್ಲಿ ಬೆಳೆದಿತ್ತು? ಪಕ್ಕದಲ್ಲಿ ಏನಿತ್ತು? ಕೊಯ್ದಾಗ ಏನು ಕಂಡೆ?

ಸ್ವತಃ ಬುದ್ಧಿಯವರೇ ಒಂದು ಎಲೆ ಕಿತ್ತು ತಂದರೂ ವಿನಾಯಿತಿಯಿಲ್ಲ. ಹಿರಿಯ ಶಿಷ್ಯ ಚನ್ನವೀರ ಗಂಟಲು ಸರಿಮಾಡಿಕೊಂಡು ಅವರನ್ನೂ ಕೇಳುತ್ತಿದ್ದ. ಹಾಗೆ ಕೇಳುವುದರಲ್ಲಿ ಅವನಿಗೊಂದು ಖುಷಿಯೂ ಇತ್ತು, ಸುಳ್ಳು ಯಾಕೆ.

ಯುಗಾದಿ ಕಳೆದ ಮೇಲೆ ಕೇತ ಬಂದ. ಇಪ್ಪತ್ತಾರರ ಗಂಡಸು, ಬೆಟ್ಟದ ಸೋಲಿಗರವನು. ವೈದ್ಯ ಕಲಿಯಬೇಕು ಎಂದು ಬುದ್ಧಿಯವರ ಮುಂದೆ ಕೈಮುಗಿದು ನಿಂತ.

ಚನ್ನವೀರನಿಗೆ ಹಿಗ್ಗೋ ಹಿಗ್ಗು.

"ಬುದ್ಧಿ, ಇವನು ಕಲಿಯೋಕೆ ಬಂದಿಲ್ಲ, ನಮಗೇ ಕಲಿಸೋಕೆ ಬಂದವನೆ. ಸೋಲಿಗರಿಗೆ ಗಿಡಮೂಲಿಕೆ ರಕ್ತದಲ್ಲೇ ಇರುತ್ತೆ. ಕಣ್ಣು ಕಟ್ಟಿ ಕಾಡಿಗೆ ಬಿಟ್ರೂ ಮೂಸಿ ನೋಡಿ ಬೇರು ತರ್ತಾರೆ!"

ಕೇತ ನೆಲ ನೋಡಿದ.

"ಕಲಿಯೋಕೆ ಬಂದೋನನ್ನ ಕಲಿಸೋನು ಅಂತೀಯ," ಎಂದರು ಬುದ್ಧಿಯವರು. "ನೋಡಿಕೋ."

ಮಾರನೆಯ ದಿನವೇ ಅವರು ಊರೂರಿನ ರೋಗಿಗಳನ್ನು ನೋಡಲು ಹೊರಟರು. ಎರಡು ತಿಂಗಳು ಆಶ್ರಮ ಚನ್ನವೀರನ ಕೈಗೆ ಬಂತು.

ಮೊದಲ ವಾರ ಕೇತ ಬೇಲಿಯ ಮೇಲಿನ ಒಂದು ಬಳ್ಳಿಯನ್ನು ಹಿಡಿದು ಕೇಳಿದ. "ಅಣ್ಣ, ಇದು ಯಾವುದು?"

ಚನ್ನವೀರ ಬಿದ್ದು ಬಿದ್ದು ನಕ್ಕ.

"ನೋಡೋ ರಾಚಪ್ಪ, ನಮ್ಮನ್ನೇ ಪರೀಕ್ಷೆ ಮಾಡ್ತಾನೆ! ಇವರಜ್ಜಿ ತೊಟ್ಟಿಲಿಗೆ ಕಟ್ಟಿರೋ ಬಳ್ಳಿ ಇದು, ಇವನಿಗೆ ಗೊತ್ತಿಲ್ವಂತೆ!"

ಕಿರಿಯ ಶಿಷ್ಯ ರಾಚಪ್ಪನೂ ನಕ್ಕ. ಯಾರ ನಗುವಿನಲ್ಲೂ ಕೊಂಕು ಇರಲಿಲ್ಲ. ಕೇತನೂ ಸ್ವಲ್ಪ ನಕ್ಕ ಹಾಗೆ ಮಾಡಿದ. ಆಮೇಲೆ ಅವನು ಏನನ್ನೂ ಕೇಳಲಿಲ್ಲ.

ಬೆಳಗಿನ ಪಾಠಕ್ಕೆ ಅವನು ಬಂದು ಕೂತರೆ ಚನ್ನವೀರನೇ ಎಬ್ಬಿಸಿ ಕಳಿಸುತ್ತಿದ್ದ. "ಇದು ನಮ್ಮಂಥ ದಡ್ಡರಿಗೆ ಕಣಯ್ಯ. ನೀನು ಹೋಗಿ ಆರಾಮಾಗಿರು." ಬೇರು ತಂದಾಗ ಮೂರು ಪ್ರಶ್ನೆಯನ್ನೂ ಕೇಳುತ್ತಿರಲಿಲ್ಲ. ಸೋಲಿಗರವನನ್ನು ಹಾಗೆ ಕೇಳುವುದು ಅವನಿಗೆ ಅವಮಾನ ಮಾಡಿದಂತೆ ಎಂದು ಚನ್ನವೀರ ಮನಸಾರೆ ನಂಬಿದ್ದ. ಮೊದಮೊದಲು ತಂದದ್ದೆಲ್ಲ ನೆಲ್ಲಿ, ಬೇವು, ತುಳಸಿ. ಅವನ್ನು ಯಾರು ಬೇಕಾದರೂ ತರಬಹುದು. ಹಾಗಾಗಿ ಏನೂ ಕೆಡಲಿಲ್ಲ.

ಬುದ್ಧಿಯವರು ಮರಳಿ ಬಂದ ಮಾರನೆಯ ಬೆಳಗ್ಗೆ ಸಾಕಮ್ಮ ಎಂಬ ಹೆಂಗಸು ಬಂದಳು. ಮಡಿಲಲ್ಲಿ ಮೂರು ವಾರದ ಕೂಸು. ಎದೆಯಲ್ಲಿ ಹಾಲು ಬತ್ತಿತ್ತು. ಅತ್ತು ಅತ್ತು ಕೂಸಿನ ದನಿಯೇ ಹೋಗಿತ್ತು.

"ನೆಲಗುಂಬಳದ ಗಡ್ಡೆ ಹಸಿಯದು ಬೇಕು," ಎಂದರು ಬುದ್ಧಿಯವರು. "ಅರೆದು ಹಾಲಲ್ಲಿ ಕೊಡಿ." ಅಷ್ಟು ಹೇಳಿ ಸ್ನಾನಕ್ಕೆ ಹೊಳೆಗೆ ಇಳಿದರು.

"ಕೇತ, ನೀನೇ ಹೋಗು," ಎಂದ ಚನ್ನವೀರ. "ನಾವು ದಿನವೆಲ್ಲ ಹುಡುಕೋದನ್ನ ನೀನು ಗಳಿಗೇಲಿ ತರ್ತೀಯ."

ಕೇತ ಬಾಯಿ ತೆರೆದ. ಸಾಕಮ್ಮ ಅವನನ್ನೇ ನೋಡುತ್ತಿದ್ದಳು, ದೇವರನ್ನು ನೋಡುವ ಹಾಗೆ. ಅವನು ಬಾಯಿ ಮುಚ್ಚಿ ಹಾರೆ ತೆಗೆದುಕೊಂಡ.

ಅವನು ಹಿಂಜರಿದದ್ದು ಚನ್ನವೀರನಿಗೂ ಕಂಡಿತು. ಎಂಥ ವಿನಯ ಇವನದು ಅಂದುಕೊಂಡ.

ಅವನು ನಿಜಕ್ಕೂ ಬೇಗ ಬಂದ. ಮಣ್ಣು ಮೆತ್ತಿದ ಗಡ್ಡೆಯೊಂದನ್ನು ಕೊಟ್ಟು ದೂರ ನಿಂತ. ಚನ್ನವೀರ ಅದನ್ನು ತಿರುಗಿಸಿಯೂ ನೋಡದೆ ಸಿಪ್ಪೆ ಹೆರೆದು, ಅರೆದು, ಹಾಲಿಗೆ ಕಲಸಿ, ಬಟ್ಟಲನ್ನು ಸಾಕಮ್ಮನ ಕೈಗಿಟ್ಟ.

ಆಗ ಬುದ್ಧಿಯವರು ಒದ್ದೆ ಪಂಚೆಯಲ್ಲೇ ಮೇಲೆ ಬಂದರು. ಕಲ್ಲಿನ ಪಕ್ಕ ಬಿದ್ದಿದ್ದ ಸಿಪ್ಪೆ ನೋಡಿದರು. ಒಂದು ಚೂರು ಎತ್ತಿ ಮೂಸಿದರು.

"ಸ್ವಲ್ಪ ತಾಳು ತಾಯಿ," ಎಂದು ಬಟ್ಟಲನ್ನು ಮೆಲ್ಲಗೆ ಅವಳ ಕೈಯಿಂದ ತೆಗೆದುಕೊಂಡರು. "ಮೂರು ಪ್ರಶ್ನೆ ಕೇಳಿದ್ಯಾ, ಚನ್ನವೀರ?"

"ತಂದಿದ್ದು ಕೇತ, ಬುದ್ಧಿ."

"ಯಾರು ತಂದ್ರು ಅಂತ ನಾನು ಕೇಳ್ಲಿಲ್ಲ."

ಬುದ್ಧಿಯವರು ಕೇತನ ಕಡೆ ತಿರುಗಿದರು.

"ಕೊಯ್ದಾಗ ಏನು ಕಂಡೆಯಪ್ಪ?"

"ಏನೂ ಕಾಣ್ಲಿಲ್ಲ, ಬುದ್ಧಿ."

"ಗಡ್ಡೆಯಿಂದ ಹಾಲು ಬರ್ಲಿಲ್ವಾ?"

"ಹಾಲು ಬರಬೇಕಿತ್ತಾ?" ಕೇತನ ದನಿ ಕೇಳಿಸಿದ್ದೇ ಕಷ್ಟ.

ಬುದ್ಧಿಯವರು ಬಟ್ಟಲಲ್ಲಿದ್ದುದನ್ನು ಬೇಲಿಯಾಚೆ ಗುಂಡಿಗೆ ಸುರಿದು ಮಣ್ಣು ಮುಚ್ಚಿದರು. "ಇದನ್ನ ಕುಡಿದಿದ್ರೆ ಈ ತಾಯಿಯ ನಾಲಿಗೆ ಊದಿ ಗಂಟಲು ಕಟ್ಟಿಬಿಡ್ತಿತ್ತು," ಎಂದರು. ರಾಚಪ್ಪನ ಕೈಗೆ ಹಾರೆ ಕೊಟ್ಟು, ಎಲ್ಲಿ ಅಗೆಯಬೇಕೆಂದು ಹೇಳಿ ಕಳಿಸಿದರು.

ಚನ್ನವೀರ ದಿಗಿಲುಬಿದ್ದ. ಮದ್ದು ಅರೆದವನು ತಾನು. ಬಟ್ಟಲು ಕೊಟ್ಟವನೂ ತಾನೇ. ಆ ದಿಗಿಲಿನಲ್ಲಿ ಅವನ ಬಾಯಿಂದ ಮಾತು ಜಾರಿತು.

"ನಿನಗೆ ಗೊತ್ತಿಲ್ವಾ? ನೀನು ಸೋಲಿಗನೇ ಹೌದಾ?"

ಕೇತ ಅವನ ಮುಖ ನೋಡಿದ. ಕೋಣೆಗೆ ಹೋದ. ಬ್ಯಾಗು ಹೆಗಲಿಗೇರಿಸಿಕೊಂಡು ಬಂದು, ಬುದ್ಧಿಯವರ ಕಾಲು ಮುಟ್ಟಿ, ಹೊಳೆಯ ಕಡೆ ನಡೆದುಬಿಟ್ಟ.

ಚನ್ನವೀರನಿಗೆ ಅಳು ಬರುವುದೊಂದು ಬಾಕಿ.

"ಬುದ್ಧಿ, ನಾನು ಅವನನ್ನ ಒಂದು ದಿನವೂ ಕೀಳಾಗಿ ಕಂಡವನಲ್ಲ. ಹೊಗಳಿದ್ದೇ ಹೊಗಳಿದ್ದು. ಹೊಗಳಿದ್ದೂ ತಪ್ಪಾ?"

"ನೀನು ಬಾಗಿಲಿಗೆ ತೋರಣ ಕಟ್ಟಿದೆ. ಒಳ್ಳೇದೇ. ಎಷ್ಟು ಕೆಳಗೆ ಕಟ್ಟಿದೆ ಅಂದ್ರೆ ಅವನಿಗೆ ಒಳಗೆ ಬರೋಕಾಗ್ಲಿಲ್ಲ."

"ಈಗ ನಾನೇನು ಮಾಡ್ಲಿ?"

"ಕರಕೊಂಡು ಬಾ."

ಕೇತ ದಂಡೆಯ ಕಲ್ಲಿನ ಮೇಲೆ ಕೂತಿದ್ದ. ತೆಪ್ಪ ಆಚೆ ದಡದಿಂದ ಇನ್ನೂ ಬರುತ್ತಿತ್ತು. ಚನ್ನವೀರ ಏದುಸಿರು ಬಿಡುತ್ತಾ ಅವನ ಪಕ್ಕ ಕುಕ್ಕರಿಸಿದ.

"ಗೊತ್ತಿಲ್ಲ ಅಂತ ಮುಂಚೆನೇ ಹೇಳಬಾರದಿತ್ತೇನಯ್ಯ?"

"ಕೇಳಿದ್ನಲ್ಲ ಅಣ್ಣ. ನೀವು ನಕ್ಕಿರಿ."

ಚನ್ನವೀರನಿಗೆ ಬೇಲಿಯ ಬಳ್ಳಿ ನೆನಪಾಯಿತು. ಮುಖ ಬಿಸಿಯಾಯಿತು.

"ಆರು ವರ್ಷಕ್ಕೇ ನನ್ನನ್ನ ಪ್ಯಾಟೆ ಹಾಸ್ಟೆಲ್ಲಿಗೆ ಹಾಕಿದ್ರು," ಎಂದ ಕೇತ. "ಕಾಡು ನೋಡಿದ್ದು ರಜದಾಗೆ. ಆಮೇಲೆ ಲಾರಿ ಕ್ಲೀನರು. ಟೈರು ಎಷ್ಟು ಸವೆದದೆ ಅಂತ ಕೈಯಾಡಿಸಿ ಹೇಳ್ತೀನಿ. ಬೇರು ಗೊತ್ತಿಲ್ಲ."

"ನಿಮ್ಮ ಮನೇಲಿ ಯಾರಿಗೂ ಗೊತ್ತಿರಲಿಲ್ವಾ?"

"ನಮ್ಮಜ್ಜಿಗೆ ಗೊತ್ತಿತ್ತು." ಕೇತ ಹೊಳೆಯನ್ನೇ ನೋಡುತ್ತಿದ್ದ. "ಅವಳಿಗೇನು ಸುಮ್ಮನೆ ಬಂತಾ ಅಣ್ಣ? ತಪ್ಪು ಬೇರು ಕಿತ್ತಿದ್ದಕ್ಕೆ ಅವರವ್ವ ಕೈಮ್ಯಾಲೆ ಬಾರಿಸಿದ್ದ ಗುರುತು ಸಾಯೋಗಂಟ ಇತ್ತು. ಒಂದ್ಸಲ ಯಾವುದೋ ಸೊಪ್ಪು ಅಗಿದು ನೋಡಿ ಮೂರು ದಿನ ಮಾತೇ ನಿಂತೋಗಿತ್ತಂತೆ. ನಲವತ್ತು ವರ್ಷ ಕಲಿತಳು. ನೀವು ರಕ್ತದಾಗೇ ಅದೆ ಅಂದುಬಿಟ್ರಿ. ಹಂಗಾರೆ ಅವಳು ಪಟ್ಟ ಪಾಡು ಎಲ್ಲಿಗೆ ಹೋಯ್ತು?"

ತೆಪ್ಪ ನಡುಹೊಳೆಗೆ ಬಂದಿತ್ತು.

"ನನಗೆ ಕಲಿಸೋ ಮುಂಚೆ ಅವಳು ಹೋಗಿಬಿಟ್ಲು. ಅವಳು ಹೋದ ಮ್ಯಾಲೆ ಕೇಳೋಕೆ ಯಾರೂ ಇರಲಿಲ್ಲ. ಅದಕ್ಕೇ ಇಲ್ಲಿಗೆ ಬಂದೆ."

ಚನ್ನವೀರನ ಕಣ್ಣು ತುಂಬಿತು. ಅದರಲ್ಲಿ ನಾಟಕವೇನೂ ಇರಲಿಲ್ಲ. ಇವನ ನೋವಿಗೆ ತನ್ನಲ್ಲಿರುವ ಅತ್ಯಂತ ಒಳ್ಳೆಯ ಮಾತನ್ನೇ ಆಡಬೇಕು ಅನ್ನಿಸಿತು. ಕೇತನ ಕೈ ಹಿಡಿದುಕೊಂಡ.

"ನಿಮ್ಮ ಜನರ ಮನಸ್ಸು ದೊಡ್ಡದು, ಕೇತ. ಸೋಲಿಗರು ಯಾವತ್ತೂ ಸಿಟ್ಟು ಇಟ್ಟುಕೊಳ್ಳೋರಲ್ಲ. ನೀನು ಇದನ್ನೆಲ್ಲ ಮರೆತುಬಿಡ್ತೀಯ, ನನಗೆ ಗೊತ್ತು."

ಕೇತ ಮೆಲ್ಲಗೆ ಕೈ ಬಿಡಿಸಿಕೊಂಡ.

"ನನಗೆ ಸಿಟ್ಟು ಬಂದದೆ, ಅಣ್ಣ," ಎಂದ.

ತೆಪ್ಪ ದಡ ಮುಟ್ಟಿತು. ಕೇತ ಎದ್ದು ಹೋಗಿ ಅದರೊಳಗೆ ಕೂತ. ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡ.

"ಹೋಗನಾ ಸ್ವಾಮಿ?" ಎಂದು ತೆಪ್ಪದವನು ಕೇಳಿದ.

ಕೇತ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ.

ಹಿಂದಿನಿಂದ ಕೋಲಿನ ಸದ್ದು ಕೇಳಿತು. ಬುದ್ಧಿಯವರು ಇಳಿಜಾರಿನಲ್ಲಿ ಮೆಲ್ಲಗೆ ಇಳಿದು ಬರುತ್ತಿದ್ದರು. ಚನ್ನವೀರ ಅವರತ್ತ ಓಡಿದ.

"ಬುದ್ಧಿ, ಅವನು ಹೊರಟೇಬಿಟ್ಟ! ನನಗೆ ಬರೋ ಒಳ್ಳೇ ಮಾತೆಲ್ಲ ಆಡಿದ್ದಾಯ್ತು. ಅವನ ಜನರ ಬಗ್ಗೆ ನಾನು ಇನ್ನೇನು ಅಂತ ಹೇಳ್ಲಿ?"

ಬುದ್ಧಿಯವರು ಕೋಲೂರಿ ನಿಂತು ತೆಪ್ಪದ ಕಡೆ ನೋಡಿದರು.

"ಅವನ ಜನ ಯಾರೂ ಇಲ್ಲಿಗೆ ಬಂದಿಲ್ಲ, ಚನ್ನವೀರ. ಅಲ್ಲಿ ಕೂತಿರೋನು ಒಬ್ಬ, ಅವನಿಗೆ ಸಿಟ್ಟು ಬಂದಿದೆ. ಹೋಗಿ ಅವನನ್ನ ಮಾತಾಡಿಸು."