ಎಚ್ಚರ ತಪ್ಪದ ಮನೆತನ

"ಕೇಳಿರಯ್ಯಾ ಕೇಳಿ! ಜಾಗರಪುರದ ಅರಸ ಉದ್ದಂಡರಾಯರ ಅಪ್ಪಣೆ. ರಾಜಕುಮಾರಿ ನಾಗಲೆಯ ಮೂರು ಒಗಟು ಬಿಡಿಸಿದವನಿಗೆ ಅರ್ಧ ರಾಜ್ಯ ಕೊಟ್ಟು ಮಗಳನ್ನೂ ಮದುವೆ ಮಾಡಿಕೊಡಲಾಗುವುದು. ತಪ್ಪಿದವನ ತಲೆ ಹೋಗುವುದು. ಉತ್ತರ ಸರಿಯಿದ್ದರೆ ಯಾವ ಮಾತಾಡಿದರೂ ಶಿಕ್ಷೆಯಿಲ್ಲ."

ಇಷ್ಟು ಸಾರುವುದರೊಳಗೆ ಡಂಗುರದವನು ಮತ್ತೆಮತ್ತೆ ಆಕಳಿಸಿದ. ತಪ್ಪು ಅವನದಲ್ಲ. ಆ ಊರು ನೆಟ್ಟಗೆ ಮಲಗಿ ತಲೆಮಾರುಗಳೇ ಕಳೆದಿದ್ದವು. ಅರಸುಮನೆತನದ ಮೂಲಪುರುಷ ಸಾಯುವಾಗ ಮಗನಿಗೆ ಏನೋ ಒಂದು ಮಾತು ಹೇಳಿದ್ದನಂತೆ. ಅಂದಿನಿಂದ ಪಟ್ಟವೇರಿದವನು ಮಲಗುವಂತಿರಲಿಲ್ಲ. ರಾತ್ರಿ ಜಾವಕ್ಕೊಮ್ಮೆ ನಗಾರಿ ಬಡಿದು "ಎಚ್ಚರಾ" ಎಂದು ಕೂಗಬೇಕು. ಅರಸನಿಗೆ ಮಲಗು ಎಂದವನ ನಾಲಿಗೆ ಕತ್ತರಿಸಬೇಕು. ನಗಾರಿಗೇನು, ಅರಸನ ಕಿವಿಯೂ ಒಂದೇ ಅಗಸನ ಕಿವಿಯೂ ಒಂದೇ.

ಉದ್ದಂಡರಾಯನಿಗೆ ಇನ್ನೂ ನಡುವಯಸ್ಸು. ಮೆಟ್ಟಿಲು ಹತ್ತಿದರೆ ಎದೆ ಹೊಡೆದುಕೊಳ್ಳುತ್ತಿತ್ತು, ಮುದ್ರೆ ಒತ್ತುವ ಕೈ ನಡುಗುತ್ತಿತ್ತು. ಆ ಮನೆತನದಲ್ಲಿ ತಲೆ ನರೆತ ಅರಸನೇ ಇಲ್ಲ. ನರೆಯುವ ಮೊದಲೇ ಹೋಗಿಬಿಡುತ್ತಿದ್ದರು. ಅಪ್ಪನೂ ಹೋಗುತ್ತಾನೆಂದು ನಾಗಲೆಗೆ ಗೊತ್ತಿತ್ತು. ಯಾಕೆಂಬುದೂ ಗೊತ್ತಿತ್ತು, ಬಾಯಿಬಿಟ್ಟು ಹೇಳುವಂತಿರಲಿಲ್ಲ. ಅದಕ್ಕೇ ಮದುವೆಯ ನೆಪದಲ್ಲಿ ಒಗಟಿನ ದಾರಿ ಹಿಡಿದಳು. ತಾನು ಆಡಲಾರದ್ದನ್ನು ಬೇರೆ ಯಾರಾದರೂ ತುಂಬಿದ ಸಭೆಯಲ್ಲಿ ಆಡಲಿ ಎಂಬುದಷ್ಟೇ ಅವಳ ಆಸೆ.

ಮೊದಲ ಒಗಟು ಹೀಗಿತ್ತು. "ಒಬ್ಬನು ದಿನವಿಡೀ ಉಣ್ಣುತ್ತಾನೆ. ಮೈ ಊದುತ್ತದೆ, ಹಸಿವು ಇಂಗುವುದಿಲ್ಲ, ಬಲ ಬರುವುದಿಲ್ಲ. ಅವನು ಉಣ್ಣದೆ ಬಿಟ್ಟ ಊಟ ಯಾವುದು?"

ಸಾಮಂತನ ಮಗನೊಬ್ಬ ಬಂದು ಹಸುವಿನ ತುಪ್ಪ ಎಂದ. ಪಂಡಿತನೊಬ್ಬ ದೇವರ ಪ್ರಸಾದ ಎಂದ. ಇನ್ನೊಬ್ಬ ತಾಯಿಯ ಕೈತುತ್ತು ಎಂದಾಗ ಅರಸ ಕಣ್ಣೊರೆಸಿಕೊಂಡನಾದರೂ ಅದೂ ತಪ್ಪೇ. ಮೂವರನ್ನೂ ತಲೆ ಕಡಿಸಲು ಕಳಿಸಿದರು. ಆದರೆ ತಲೆ ಕಡಿಯುವವನು ಕೊಡಲಿ ಎತ್ತಿದವನೇ ತೂಕಡಿಸಿ ತನ್ನ ಕಾಲ ಮೇಲೇ ಇಳಿಸಿಕೊಂಡ. ಹೀಗೆ ಮೂವರೂ ಸೆರೆಯಲ್ಲಿ ಉಳಿದರು. ಈಗ ಅವನು ಕಾಲಿಗೆ ಪಟ್ಟಿ ಸುತ್ತಿಕೊಂಡೇ ಕೆಲಸಕ್ಕೆ ಬಂದಿದ್ದ. ಕೊಡಲಿ ಮಸೆಯುವ ಸದ್ದು ಸಭೆಯೊಳಕ್ಕೆ ಕೇಳುತ್ತಿತ್ತು.

ಆಗ ಬಂದವನು ಕೆಂಚ, ಅರಮನೆಯ ನಗಾರಿ ಬಡಿಯುವವನು. ರಾಜ್ಯದ ಆಸೆಗೆ ಬಂದವನಲ್ಲ, ಬೇಸತ್ತು ಬಂದವನು. ತಪ್ಪಾದರೆ ಆಗಲಿ, ಸತ್ತಮೇಲಾದರೂ ನಗಾರಿ ಕೇಳಿಸದಲ್ಲ ಎಂದುಕೊಂಡಿದ್ದ. ಅವನನ್ನು ಕಂಡು ನಗುವ ಶಕ್ತಿ ಇದ್ದವರು ನಕ್ಕರು.

ಒಗಟು ಕೇಳಿ ಕೆಂಚ ಗೊಣಗಿದ. "ಹೊಟ್ಟೆತುಂಬ ಉಣ್ಣೋದು ಒಂದು, ತಾಯಿ. ಕಣ್ತುಂಬ ಉಣ್ಣೋದು ಇನ್ನೊಂದು. ಅದೇ ನಿದ್ದೆ. ನಾನೂ ಮುದ್ದೆ ಮೇಲೆ ಮುದ್ದೆ ನುಂಗ್ತೀನಿ, ಹಸಿವು ಹೋಗಾಕಿಲ್ಲ. ಕಣ್ಣಿನ ಹಸಿವನ್ನ ಹೊಟ್ಟೆ ಎಲ್ಲಿಂದ ತೀರಿಸ್ತದೆ?"

ನಿದ್ದೆಯ ಹೆಸರೆತ್ತಿದ್ದಕ್ಕೆ ಮಂತ್ರಿ ನಾಲಿಗೆ ಕತ್ತರಿಸಿ ಎನ್ನಲು ಎದ್ದ. ಉತ್ತರ ಸರಿಯಾಗಿದೆ, ಶಿಕ್ಷೆಯಿಲ್ಲ ಎಂದು ನಾಗಲೆ ಅವನನ್ನು ಕೂರಿಸಿ ಎರಡನೆಯದು ಕೇಳಿದಳು.

"ಒಂದು ಮನೆಯೊಳಗೆ ಕೆಲಸದವನಿದ್ದಾನೆ. ಬಿರುಕು ಮೆತ್ತುತ್ತಾನೆ, ಕಸ ತೆಗೆಯುತ್ತಾನೆ. ಯಜಮಾನ ಕದ ಮುಚ್ಚದೆ ನೋಡುತ್ತ ನಿಂತರೆ ಮಾತ್ರ ಕೈ ಆಡಿಸುವುದಿಲ್ಲ. ಯಾರವನು?"

ಕೆಂಚ ಅಂಗೈ ಚಾಚಿದ. "ಮನೆ ಅಂದ್ರೆ ಈ ಮೈ. ಕದ ಅಂದ್ರೆ ರೆಪ್ಪೆ. ನಾವು ಕಣ್ಣು ಮುಚ್ಚಿದಾಗ ಮೈಯನ್ನ ಮೈಯೇ ಸರಿ ಮಾಡ್ಕೊತದೆ. ಈ ಬೊಬ್ಬೆ ಒಡೆದದ್ದು ಯುಗಾದಿಗೆ. ದಸರೆ ಬಂತು, ಇನ್ನೂ ಹಸಿಯಾಗೇ ಅದೆ."

ಅರಸ ನಡುಗುವ ತನ್ನ ಕೈಯನ್ನು ಮೆಲ್ಲಗೆ ಶಾಲಿನೊಳಗೆ ಎಳೆದುಕೊಂಡ. ನಾಗಲೆ ಮೂರನೆಯದು ಕೇಳುವಾಗ ಅವಳ ದನಿ ಸಣ್ಣದಾಗಿತ್ತು.

"ಒಂದು ಮಾತಿಗೆ ಎರಡು ಅರ್ಥ. ಹೇಳಿದವನ ಮನಸ್ಸಿನಲ್ಲಿ ಒಂದಿತ್ತು, ಕೇಳಿದವನು ಇನ್ನೊಂದನ್ನು ಹಿಡಿದ. ಕಾಪಾಡಲೆಂದು ಆಡಿದ ಆ ಮಾತೇ ನಮ್ಮ ಮನೆಯ ಅರಸರನ್ನೆಲ್ಲ ಕೊಂದಿತು. ಯಾವ ಮಾತು?"

ಇದು ಕೆಂಚನಿಗೆ ಹೊಳೆಯಲಿಲ್ಲ. ಕಂಬಕ್ಕೆ ಒರಗಿ ಯೋಚಿಸಿದ. ಯೋಚಿಸುತ್ತ ರೆಪ್ಪೆ ಕೂಡಿತು, ನಿಂತಲ್ಲೇ ಗೊರಕೆ ಹೊರಟಿತು. ಹೊರಗೆ ಮಸೆಯುವ ಸದ್ದು ನಿಂತಿತು. ನಾಗಲೆ ಕಣ್ಣು ಮುಚ್ಚಿಕೊಂಡಳು. ಮಂತ್ರಿ ಎದ್ದು ಬಂದು ಬೆತ್ತದಿಂದ ತಿವಿದ. ಕೆಂಚ ಬೆಚ್ಚಿಬಿದ್ದು, ಹೊಟ್ಟೆಪಾಡಿನ ಅಭ್ಯಾಸಬಲದಿಂದ, ಗಂಟಲು ಹರಿಯುವಂತೆ "ಎಚ್ಚರಾ" ಎಂದು ಕೂಗಿದ.

ನಾಗಲೆ ಥಟ್ಟನೆ ಕಣ್ಣು ತೆರೆದಳು. ರಾಜಕುಮಾರಿಯ ಮುಖ ನೋಡಿದಮೇಲೆ ಕೆಂಚನಿಗೂ ಅರ್ಥವಾಯಿತು.

"ಅದೇ ಮಾತಾ ತಾಯಿ?" ಎಂದು ಅರಸನ ಕಡೆ ತಿರುಗಿದ. "ಮನೆಯಿಂದ ಹೊರಟಾಗೆಲ್ಲ ನಮ್ಮವ್ವ 'ಎಚ್ಚರ ಕಣ್ಲಾ ಮಗ' ಅಂತಾಳೆ, ಬುದ್ದಿ. ಮಲಗಬೇಡ ಅಂತಲ್ಲ. ಮಲಗಿದ್ರೆ ಅವಳೇ ಕಂಬಳಿ ಹೊದಿಸ್ತಾಳೆ. ಜೋಪಾನ ಅಂತ, ಅಷ್ಟೆಯ. ತಮ್ಮ ಹಿರೀಕರು ಸಾಯೋವಾಗ ಹೇಳಿದ್ದೂ ಅದೇ ಇರಬೇಕು."

ಅರಸ ಮಗಳನ್ನು ಹತ್ತಿರ ಕರೆದ. ಮೆಲ್ಲಗೆ ಕೇಳಿದ, "ಜೋಪಾನ ಅಂತಲೇನಮ್ಮಾ?" ಅವಳು ಅಳುತ್ತ ತಲೆಯಾಡಿಸಿದಳು.

"ಹಾಗಾದರೆ ನಮ್ಮಪ್ಪ ಸುಮ್ಮನೆ ಸತ್ತ," ಎಂದ ಅರಸ.

ಬಹುಮಾನ ಸಾರಲು ಅವನು ಕೈ ಎತ್ತಿ "ಈ ಹುಡುಗನಿಗೆ" ಎಂದ, ಅಷ್ಟರಲ್ಲಿ ಕತ್ತು ವಾಲಿತು. ಹುಟ್ಟಿದಮೇಲೆ ಮೊದಲ ಸಲವೋ ಎಂಬಂತೆ ಸಿಂಹಾಸನದ ಮೇಲೇ ನಿದ್ದೆಹೋದ.

ಮಂತ್ರಿ ಕೆಂಚನ ಕಿವಿಯಲ್ಲಿ ಉಸುರಿದ: ಅಪ್ಪಣೆ ಪೂರ್ತಿ ಆಗಿಲ್ಲ, ಅರಸರು ಏಳುವಷ್ಟರಲ್ಲಿ ಮನಸ್ಸು ತಿರುಗಿದರೆ ನಿನಗೆ ರಾಜ್ಯವೂ ಇಲ್ಲ ತಲೆಯೂ ಇಲ್ಲ, ಹೋಗಿ ಒಂದು ಏಟು ನಗಾರಿ ಬಡಿದು ಈಗಲೇ ಎಬ್ಬಿಸು. ಕೆಂಚ ನಗಾರಿಯತ್ತ ನಡೆದ. ಹೆಗಲ ಕಂಬಳಿ ತೆಗೆದು ಅದರ ಮೇಲೆ ಹೊದಿಸಿದ. ಅದರ ಬುಡದಲ್ಲೇ ಕಾಲು ಚಾಚಿ ಮಲಗಿದ.

ಅರಸ ಎದ್ದದ್ದು ಮರುದಿನ ಮಧ್ಯಾಹ್ನ. ಸೆರೆಯವರನ್ನು ಬಿಡಿಸಿದ, ಕೆಂಚನನ್ನು ಎಬ್ಬಿಸಬೇಡಿ ಎಂದ, ಅವನು ತಾನಾಗಿ ಎದ್ದಮೇಲೆ ಅರ್ಧ ರಾಜ್ಯ ಕೊಟ್ಟ. ಮದುವೆಯ ಮುಹೂರ್ತ ಮಾತ್ರ ಬೆಳಗಿನ ಜಾವಕ್ಕೆ ಬೇಡ ಎಂದು ಗಂಡೂ ಹೆಣ್ಣೂ ಒಂದೇ ಬಾಯಲ್ಲಿ ಹೇಳಿದರಂತೆ. ಉದ್ದಂಡರಾಯ ಮೊಮ್ಮಗನನ್ನು ಎದೆಯ ಮೇಲೆ ಮಲಗಿಸಿಕೊಂಡು ಅವನಿಗಿಂತ ಮೊದಲು ತಾನೇ ನಿದ್ದೆಹೋಗುವಷ್ಟು ಕಾಲ ಬದುಕಿದ.

ಅವರು ಅಲ್ಲಿ ಕಣ್ತುಂಬ ಮಲಗಿದರು. ನಾವು ಇಲ್ಲಿ ಕತೆ ಹೇಳುತ್ತ ಕೇಳುತ್ತ ಇನ್ನೂ ಎದ್ದೇ ಇದ್ದೇವೆ.